ಬುಲೆಟ್ಟಿಗೆ ಪಟ್ಟಿ ಕಟ್ಟಿ ಬಿಚ್ಚಿದ ಕಥೆ

ಮಗಳ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಮೂರನೇ ವಾರಕ್ಕೆ ನಮ್ಮ ಬುಲೆಟ್ ಬೈಕಿಗೂ ಪಟ್ಟಿ ಕಟ್ಟಿದೆ, ಹೊಗೆ ಒಯ್ಯುವ ಬೆಂಡ್ ಪೈಪಿನ ಸುತ್ತ ಬಿಸಿ ತಡೆಯುವ ಪಟ್ಟಿ. ಎರಡಕ್ಕೂ ಸಂಬಂಧ ಇದೆ. ಮಗಳ ಗಾಯ ಹದಿನೈದು ದಿನದಲ್ಲಿ ಒಣಗಿತು. ಬುಲೆಟ್ಟಿನ ಪಟ್ಟಿ ಬಿಚ್ಚಿದ್ದು ಏಳು ತಿಂಗಳ ಮೇಲೆ, ಆಯುಧಪೂಜೆಯ ಹಿಂದಿನ ದಿನ. ಒಳಗೆ ಕಂಡದ್ದನ್ನು ನೋಡಿ ಇದನ್ನು ಬರೆದಿಡಬೇಕು ಅನ್ನಿಸಿತು. ಯೂಟ್ಯೂಬಿನಲ್ಲಿ ಪಟ್ಟಿ ಸುತ್ತುವುದನ್ನು ತೋರಿಸುವವರು ಬೇಕಾದಷ್ಟು ಜನ ಸಿಗುತ್ತಾರೆ. ಒಂದು ಮಳೆಗಾಲ ಕಳೆದ ಮೇಲೆ ಬಿಚ್ಚಿ ತೋರಿಸಿದವರು ನನಗಂತೂ ಸಿಗಲಿಲ್ಲ.

ಮೊದಲು ಗಾಡಿಯ ಜಾತಕ. 2012ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ಒಂದೇ ಸಿಲಿಂಡರಿನ 346 ಸಿ.ಸಿ., ಗಾಳಿಯಿಂದಲೇ ತಣ್ಣಗಾಗಬೇಕಾದ ಇಂಜಿನ್ನು, ಕಾರ್ಬುರೇಟರ್ ಕಾಲದ್ದು. ನನ್ನ ಕೈಗೆ ಬರುವಷ್ಟರಲ್ಲಿ ಎರಡು ಕೈ ದಾಟಿತ್ತು. ಹಿಂದಿನ ಯಜಮಾನ ಕಂಪನಿಯ ಬೆಂಡ್ ಪೈಪು, ಸೈಲೆನ್ಸರು ಎರಡನ್ನೂ ಕಿತ್ತು 'ಡುಗು ಡುಗು' ಮಾಲು ಹಾಕಿಸಿದ್ದ. ಅಂಥ ಸೈಲೆನ್ಸರುಗಳನ್ನು ಪೊಲೀಸರು ರಸ್ತೆ ಮೇಲೆ ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸುವ ಫೋಟೊ ಪೇಪರಿನಲ್ಲಿ ನೋಡಿದ ಮೇಲೆ ಸೈಲೆನ್ಸರನ್ನೇನೋ ಕಂಪನಿಯದಕ್ಕೆ ಬದಲಾಯಿಸಿಕೊಂಡೆ. ಬೆಂಡ್ ಪೈಪು ಹಾಗೇ ಉಳಿಯಿತು. ಅದೇನೂ ಶಬ್ದ ಮಾಡುವುದಿಲ್ಲವಲ್ಲ! ಸಾದಾ ಕಬ್ಬಿಣದ ಕೊಳವೆ, ಮೇಲೆ ಹೆಸರಿಗೊಂದು ಕ್ರೋಮು. ಇಂಜಿನ್ನಿನ ತಲೆಯಿಂದ ಮುಂದಕ್ಕೆ ಹೊರಟು, ಬಾಗಿ ಕೆಳಗಿಳಿದು, ಬಲಗಾಲಿನ ಪಕ್ಕದಲ್ಲೇ ಹಿಂದಕ್ಕೆ ಹೋಗುತ್ತದೆ.

ನಾನು ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವ. ಊರು ತೀರ್ಥಹಳ್ಳಿ ದಾಟಿ ಆಗುಂಬೆ ದಾರಿಯಲ್ಲಿ ಸ್ವಲ್ಪ ಒಳಕ್ಕೆ. ಶನಿವಾರ ಸಂಜೆ ಗಾಜನೂರು, ಮಂಡಗದ್ದೆ ಮೇಲೆ ತುಂಗೆಯನ್ನು ಪಕ್ಕಕ್ಕಿಟ್ಟುಕೊಂಡು ಹೋಗುವುದು, ಸೋಮವಾರ ನಸುಕಿಗೆ ವಾಪಸ್ಸು. ಶಿವರಾತ್ರಿಗೆ ಹೆಂಡತಿ ಮಗಳು ಮೊದಲೇ ಬಸ್ಸಿನಲ್ಲಿ ಹೋಗಿದ್ದರು. ನಾನು ಅಂಗಳಕ್ಕೆ ಬಂದು ನಿಲ್ಲಿಸುವಷ್ಟರಲ್ಲಿ ಆರು ವರ್ಷದ ಮಗಳು ಓಡಿಬಂದು "ಒಂದು ರೌಂಡು" ಅಂತ ಹಟ ಹಿಡಿದಳು. ಟ್ಯಾಂಕಿನ ಮೇಲೆ ಕೂರಿಸಿಕೊಂಡು ಉಣಗೋಲಿನ ತನಕ ಹೋಗಿ ಬಂದೆ. ಎಪ್ಪತ್ತು ಕಿಲೋಮೀಟರಿಗೂ ಹೆಚ್ಚು ಓಡಿಬಂದ ಗಾಡಿ, ಕಾದು ಕೆಂಡವಾಗಿತ್ತು. ನಾನು ಸ್ಟ್ಯಾಂಡ್ ಹಾಕಿ ಎಡಗಡೆಗೆ ಇಳಿಸಬೇಕು ಅನ್ನುವಷ್ಟರಲ್ಲಿ ಜಗಲಿಯಿಂದ ಅಜ್ಜಿ ಏನೋ ತಿಂಡಿ ಹೆಸರು ಹೇಳಿ ಕರೆದರು. ಮಗಳು ಬಲಗಡೆಗೆ ಜಾರಿದಳು. ಮಂಡಿವರೆಗಿನ ಫ್ರಾಕು. ಮೀನಖಂಡದ ಒಳಮಗ್ಗುಲು ನೇರ ಬೆಂಡ್ ಪೈಪಿಗೆ ಹೋಗಿ ಅಂಟಿತು.

ಆಮೇಲಿನದು ಎಲ್ಲರ ಮನೆಯಲ್ಲೂ ಆಗುವುದೇ. ಅಮ್ಮ ಟೂತ್‌ಪೇಸ್ಟ್ ತರಲು ಒಳಗೆ ಓಡಿದರು. ಪಕ್ಕದ ಮನೆಯವರು ಕಾಫಿಪುಡಿ ಅಂದರು. ನಾನು ಸುಮ್ಮನೆ ನಿಂತಿದ್ದೆ. ಹೆಂಡತಿ ಮಾತ್ರ ಯಾರ ಮಾತೂ ಕೇಳದೆ ಮಗುವನ್ನು ಎತ್ತಿಕೊಂಡು ಬಚ್ಚಲಿಗೆ ಹೋಗಿ ನಲ್ಲಿ ಕೆಳಗೆ ಕಾಲು ಹಿಡಿದು ಕೂತಳು. ಇಪ್ಪತ್ತು ನಿಮಿಷ. ತೀರ್ಥಹಳ್ಳಿಯ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ "ಏನು ಹಚ್ಚಿದಿರಿ?" "ನೀರು ಬಿಟ್ಟು ಏನೂ ಇಲ್ಲ." "ಪುಣ್ಯ," ಅಂದರು. ಎದ್ದ ಬೊಬ್ಬೆ ಒಡೆಯಬೇಡಿ ಅಂತ ಹೇಳಿ ಪಟ್ಟಿ ಕಟ್ಟಿ ಕಳಿಸಿದರು. ಈಗ ಅಲ್ಲಿ ಗೇರುಬೀಜದಷ್ಟು ಅಗಲದ ಕಲೆ ಇದೆ.

60 ಡಿಗ್ರಿ ಕಾದ ಲೋಹವನ್ನು ನಾಲ್ಕೈದು ಸೆಕೆಂಡು ಮುಟ್ಟಿದರೆ ಚರ್ಮ ಸುಡುತ್ತದೆ. ನನ್ನ ಪೈಪು ಎಷ್ಟು ಕಾಯುತ್ತದೆ? ಹತ್ತು ವರ್ಷದಿಂದ ಗಾಡಿ ಓಡಿಸುತ್ತಿದ್ದರೂ ಒಮ್ಮೆಯೂ ಕೇಳಿಕೊಳ್ಳದ ಪ್ರಶ್ನೆ ಇದು. ಆ ರಾತ್ರಿ ನಿದ್ದೆ ಬರಲಿಲ್ಲ. ಫೋನು ಹಿಡಿದು ಕೂತವನಿಗೆ ಸಿಕ್ಕಿದ್ದೇ ಎಕ್ಸಾಸ್ಟ್ ರ‍್ಯಾಪ್. ಪೈಪಿನ ಸುತ್ತ ನೀಟಾಗಿ ಸುತ್ತಿದ ಕಂದು ಬಣ್ಣದ ಪಟ್ಟಿ, ಹಳೇ ಕಾಲದ ರೇಸು ಬೈಕಿನ ಗತ್ತು. ಸುಳ್ಳು ಯಾಕೆ ಹೇಳಲಿ, ಮಗಳ ಕಾಲು ನೆಪ; ನೋಡಲು ಚೆನ್ನಾಗಿದೆ ಅನ್ನುವುದೂ ಒಳಗೊಳಗೇ ಇತ್ತು.

ನಮ್ಮ ಗ್ಯಾರೇಜಿನ ಅಣ್ಣನಿಗೆ ಹೇಳಿದೆ. "ಅದೆಲ್ಲ ಶೋಕಿಗೆ ಮಾರಾಯ್ರೆ. ಒಂದು ತಗಡಿನ ಗಾರ್ಡ್ ಹೊಡೆಸಿ ಹಾಕಿ, ಮುಗೀತು." ತಗಡಿನ ಗಾರ್ಡು ಕೇಳಿದರೆ ಯಾರಿಗೆ ಹುಮ್ಮಸ್ಸು ಬರುತ್ತದೆ? ಆರ್ಡರ್ ಹಾಕಿದೆ.

ಪಟ್ಟಿಯ ಕೆಲಸ ಏನು ಅನ್ನುವುದು ಕಂಬಳಿ ಹೊದ್ದವರಿಗೆ ಬೇಗ ಅರ್ಥವಾಗುತ್ತದೆ. ಕಂಬಳಿಗೆ ಸ್ವಂತ ಬಿಸಿ ಇಲ್ಲ. ಅದರ ನೂಲಿನ ಸಂದಿಯಲ್ಲಿ ಗಾಳಿ ಅಲ್ಲಾಡದೆ ಕೂತಿರುತ್ತದೆ, ಆ ನಿಂತ ಗಾಳಿ ಮೈಯ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಪೈಪಿಗೂ ಅಷ್ಟೇ. ಒಳಗಿನ ಬಿಸಿ ಒಳಗೇ ಉಳಿದು ಸೈಲೆನ್ಸರಿನ ಬಾಯಿಂದ ಆಚೆ ಹೋಗಬೇಕು. ರೇಸಿನವರು ಇದನ್ನು ಸುತ್ತುವುದಕ್ಕೆ ಇನ್ನೊಂದು ಕಾರಣ ಇದೆ: ಹೊಗೆ ಬಿಸಿಯಾಗಿದ್ದಷ್ಟೂ ಹಗುರ, ಹಗುರಾದಷ್ಟೂ ಬೇಗ ಆಚೆ ಹೋಗುತ್ತದೆ, ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನೂ ಎಳೆದುಕೊಂಡು ಹೋಗುತ್ತದೆ. ಬಾನೆಟ್ಟಿನ ಕೆಳಗೆ ಎಲ್ಲವೂ ಒತ್ತೊತ್ತಾಗಿರುವ ಕಾರಿನಲ್ಲಿ ಇಂಜಿನ್ನು ಎಳೆದುಕೊಳ್ಳುವ ಗಾಳಿ ತಣ್ಣಗಿರುತ್ತದೆ ಅನ್ನುವುದೂ ಲಾಭವೇ. ಇಪ್ಪತ್ತು ಕುದುರೆ ಶಕ್ತಿಯ, ಗಾಳಿಗೇ ತೆರೆದುಕೊಂಡ ನನ್ನ ಬುಲೆಟ್ಟಿಗೆ ಇದರಿಂದ ಪಿಕಪ್ ಹೆಚ್ಚಿತೇ ಅಂದರೆ, ಇಲ್ಲ. ಹೆಚ್ಚಿತು ಅನ್ನುವವರು 900 ರೂಪಾಯಿ ಚಿಲ್ಲರೆ ಕೊಟ್ಟಿರುತ್ತಾರೆ, ಹಾಗನ್ನಿಸಲೇಬೇಕು.

ಅಂಗಡಿಯಲ್ಲಿ ಎರಡು ಜಾತಿ ಸಿಗುತ್ತದೆ. ಒಂದು ಗಾಜಿನ ನಾರಿನದು, ಬಿಳಿ, ಕಂದು, ಕಪ್ಪು ಬಣ್ಣದಲ್ಲಿ. ಸುಮಾರು 550ರಿಂದ 650 ಡಿಗ್ರಿ ತಡೆಯುತ್ತದೆ ಅನ್ನುತ್ತಾರೆ. ಇನ್ನೊಂದಕ್ಕೆ 'ಟೈಟಾನಿಯಂ' ಅಂತ ಹೆಸರು, 980 ಡಿಗ್ರಿವರೆಗೆ ಅಂತ ಪೊಟ್ಟಣದ ಮೇಲೆ. ಹೆಸರು ಕೇಳಿ ಮೋಸಹೋಗಬೇಡಿ, ಸಾಮಾನ್ಯವಾಗಿ ಅದರಲ್ಲಿರುವುದು ಆ ಲೋಹವಲ್ಲ. ಬಸಾಲ್ಟ್ ಕಲ್ಲನ್ನು 1400 ಡಿಗ್ರಿಯ ಆಸುಪಾಸಿನಲ್ಲಿ ಕರಗಿಸಿ, ಸಣ್ಣ ತೂತುಗಳಲ್ಲಿ ಹಾಯಿಸಿ ಶ್ಯಾವಿಗೆ ಒತ್ತಿದ ಹಾಗೆ ಎಳೆ ತೆಗೆಯುತ್ತಾರೆ, ಅದನ್ನು ನೇಯುತ್ತಾರೆ. ವಿಜಯಪುರದ ಗೋಳಗುಮ್ಮಟ ಕಟ್ಟಿದ ಕರಿಕಲ್ಲು ಇದೇ ಜಾತಿಯದು. ಗುಮ್ಮಟದ ಕಲ್ಲನ್ನು ಬುಲೆಟ್ಟಿಗೆ ಸುತ್ತುತ್ತಿದ್ದೇನೆ ಅಂತ ಖುಷಿಯಾಗಿ ಅದನ್ನೇ ತರಿಸಿದೆ. 5 ಸೆಂಟಿಮೀಟರ್ ಅಗಲ, 10 ಮೀಟರ್ ಉದ್ದ.

ಲೆಕ್ಕದವನಾಗಿ ಇಲ್ಲಿ ಎಡವಿದೆ. ಪೈಪಿನ ಹೊರಸುತ್ತು ಸುಮಾರು 12 ಸೆಂ.ಮೀ. ಪಟ್ಟಿಯ ಮೇಲೆ ಪಟ್ಟಿ ಒಂದು ಸೆಂಟಿಮೀಟರ್ ಕೂರಿಸಿದರೆ ಒಂದು ಸುತ್ತಿಗೆ 4 ಸೆಂ.ಮೀ. ಮುಂದಕ್ಕೆ ಹೋಗುತ್ತೇವೆ. ಸುತ್ತಬೇಕಾದ ಪೈಪು 60 ಸೆಂ.ಮೀ., ಅಂದರೆ ಹದಿನೈದು ಸುತ್ತು, ಸುತ್ತಿಗೆ 13 ಸೆಂ.ಮೀ. ಹಿಡಿದರೂ ಎರಡು ಮೀಟರ್ ಸಾಕು. ಬಾಗಿನಲ್ಲಿ ಹೆಚ್ಚುಕಡಿಮೆ ಆಗುತ್ತದೆ ಅಂತ ಎರಡೂವರೆ ಮೀಟರ್ ಇಟ್ಟುಕೊಳ್ಳಿ. ನಾನು ತರಿಸಿದ್ದು ಹತ್ತು. ಮಿಕ್ಕ ಏಳೂವರೆ ಮೀಟರಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಸುತ್ತುವ ಮೊದಲು ಬಿಸಿ ಅಳೆಯಬೇಕು ಅನ್ನಿಸಿತು. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯಲು ಅಡಿಕೆ ಮಂಡಿಗೆ ತಂದಿದ್ದ ಥರ್ಮಾಮೀಟರ್ ಗನ್ನು ಇತ್ತು, ಹಿಡಿದೆ. ಮನುಷ್ಯರ ಜ್ವರ ದಾಟಿದ್ದಕ್ಕೆ ಅದರಲ್ಲಿ ಅಂಕಿಯೇ ಇಲ್ಲ. ಮಾಚೇನಹಳ್ಳಿಯ ಫೌಂಡ್ರಿಯೊಂದರಲ್ಲಿ ಕೆಲಸ ಮಾಡುವ ಗೆಳೆಯ ಅವರ ಗನ್ನು ತಂದ. ಗಾಜನೂರಿನವರೆಗೆ ಹೋಗಿ ಬಂದು, ಗಾಡಿ ಸ್ಟಾರ್ಟಲ್ಲೇ ಇಟ್ಟು, ತಲೆಯಿಂದ ಒಂದು ಗೇಣು ಕೆಳಗೆ ಹಿಡಿದೆವು. 94 ಡಿಗ್ರಿ ತೋರಿಸಿತು. "ಇಷ್ಟೇನಾ?" ಅಂದೆ. ಗೆಳೆಯ ನಕ್ಕು ಬಾಟಲಿಯಿಂದ ನಾಲ್ಕು ಹನಿ ನೀರು ಬಿಟ್ಟ. ಹನಿ ಕೂರಲೇ ಇಲ್ಲ, ಚಟ್ ಅಂತ ಹಾರಿಹೋಯಿತು.

ಹೊಳೆಯುವ ಲೋಹ ಈ ಗನ್ನಿಗೆ ಸುಳ್ಳು ಹೇಳುತ್ತದಂತೆ. ಬಿಸಿಯಾದ ವಸ್ತು ಹೊರಸೂಸುವ ಕಿರಣ ನೋಡಿ ಅದು ಲೆಕ್ಕ ಹಾಕುತ್ತದೆ. ಪಾಲಿಶ್ ಇರುವ ಕ್ರೋಮು ಕಿರಣವನ್ನೇ ಕಡಿಮೆ ಸೂಸುತ್ತದೆ. ಗೆಳೆಯ ಸೈಲೆನ್ಸರಿಗೆ ಹೊಡೆಯುವ ಕಪ್ಪು ಬಣ್ಣವನ್ನು ರೂಪಾಯಿ ಅಗಲಕ್ಕೆ ಎರಡು ಕಡೆ ಬಳಿದು ಒಣಗಲು ಬಿಟ್ಟ. ಮತ್ತೆ ಅಷ್ಟೇ ದೂರ ಹೋಗಿ ಬಂದು ಆ ಬೊಟ್ಟಿಗೆ ಹಿಡಿದರೆ ಮೇಲೆ 258, ಕಾಲಿನ ಹತ್ತಿರ 211. ಇದನ್ನು ಯಾಕೆ ಇಷ್ಟು ಉದ್ದಕ್ಕೆ ಹೇಳುತ್ತಿದ್ದೇನೆಂದರೆ, ಕ್ರೋಮಿನ ಮೇಲೆ ಗನ್ನು ಹಿಡಿದು "ಮೊದಲು ಇಷ್ಟು, ಆಮೇಲೆ ಇಷ್ಟು" ಅಂತ ತೋರಿಸುವ ವಿಡಿಯೊಗಳನ್ನು ನಂಬುವ ಮುನ್ನ ಆ ಕಪ್ಪು ಬೊಟ್ಟು ಇದೆಯೋ ನೋಡಿ.

ಮುಂದಿನ ಭಾನುವಾರ ಊರಿನ ಅಂಗಳದಲ್ಲಿ ಕೆಲಸ ಶುರು. ಪಟ್ಟಿಯನ್ನು ಬಕೆಟ್ಟಿನ ನೀರಲ್ಲಿ ಕಾಲು ಗಂಟೆ ನೆನೆಹಾಕಿದೆ. ನೆಂದರೆ ಬಾಗುತ್ತದೆ, ಬಿಗಿಯಾಗಿ ಕೂರುತ್ತದೆ, ನಾರು ಗಾಳಿಗೆ ಏಳುವುದಿಲ್ಲ. ಕೈಗೆ ಗ್ಲೌಸು, ಮುಖಕ್ಕೆ ಮಾಸ್ಕು. ಪೈಪನ್ನು ಕಳಚಿ ಕಲ್ಲಿನ ಮೇಲಿಟ್ಟುಕೊಂಡು ತಲೆಯ ಕಡೆಯಿಂದ ಸುತ್ತುತ್ತ ಬಂದೆ. ಅರ್ಧ ಮುಗಿದಿತ್ತು. ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಅಮ್ಮ ಅಷ್ಟು ಹೊತ್ತೂ ಸುಮ್ಮನೆ ನೋಡುತ್ತಿದ್ದವರು ಬಾಯಿಬಿಟ್ಟರು:

"ಅಲ್ಲ ಮಾರಾಯ, ಮಾಡಿಗೆ ಹೆಂಚು ಯಾವ ಕಡೆಯಿಂದ ಹೊದೆಸ್ತಾರೆ?"

"ಕೆಳಗಿಂದ."

"ಮತ್ತೆ ನೀನು ಎಂತ ಮಾಡ್ತಿದೀಯ?"

ಮೇಲಿನಿಂದ ಕೆಳಕ್ಕೆ ಸುತ್ತಿದರೆ ಪ್ರತಿ ಸುತ್ತಿನ ಅಂಚೂ ಮೇಲಕ್ಕೆ ಬಾಯಿ ತೆರೆದುಕೊಂಡಿರುತ್ತದೆ, ಮಳೆನೀರು ನೇರ ಒಳಕ್ಕೆ. ಕೆಳಗಿನಿಂದ ಸುತ್ತಿಕೊಂಡು ಹೋದರೆ ಮೇಲಿನ ಸುತ್ತು ಕೆಳಗಿನದರ ಮೇಲೆ ಬಂದು ನೀರು ಜಾರಿಹೋಗುತ್ತದೆ. ಇಷ್ಟು ಸಣ್ಣ ವಿಷಯ ಅಷ್ಟೂ ವಿಡಿಯೊ ನೋಡಿದ ನನಗೆ ಹೊಳೆದಿರಲಿಲ್ಲ. ಪೂರ್ತಿ ಬಿಚ್ಚಿ ಸೈಲೆನ್ಸರಿನ ಕಡೆಯಿಂದ ಮತ್ತೆ ಸುತ್ತಿದೆ. ಎರಡು ತುದಿಗೂ, ಬಾಗಿನ ನಡುವೆ ಒಂದು ಕಡೆಗೂ ಸ್ಟೀಲ್ ಟೈ ಬಿಗಿದು, ಬಾಲ ಕತ್ತರಿಸಿ, ಕತ್ತರಿಸಿದ ಚೂಪನ್ನು ಒಳಕ್ಕೆ ಮಡಚಿದೆ. ಪೈಪು ಕೂರಿಸುವಾಗ ಹೆಡ್ಡಿನ ಪ್ಯಾಕಿಂಗ್ ಹೊಸದು ಹಾಕಿದೆ. ಮಗಳು ಕೂತು ನೋಡಿ, "ಬುಲೆಟ್ಟಿಗೂ ಬೊಬ್ಬೆ ಎದ್ದಿದೆಯಾ?" ಅಂದಳು.

ಮೊದಲ ಸಲ ಸ್ಟಾರ್ಟ್ ಮಾಡಿದಾಗ ಹೊಗೆ ಬರುತ್ತದೆ, ಹೆದರಬೇಡಿ ಅಂತ ಓದಿದ್ದೆ. ಪಟ್ಟಿಗೆ ಹಾಕಿದ ಅಂಟು ಪದಾರ್ಥ ಸುಡುವುದು, ಜೊತೆಗೆ ನೆನೆಸಿದ ನೀರು. ಓದಿದ್ದು ಬೇರೆ, ಕಂಡದ್ದು ಬೇರೆ. ಕಾಲು ಗಂಟೆ ಕಾಲ ಬಾಳೆಗೊನೆ ಹಣ್ಣಿಗೆ ಹೊಗೆ ಹಾಕಿದಂತೆ ಅಂಗಳ ತುಂಬಿತು. ವಾಸನೆ ಮೂರು ದಿನ ಹೋಗಲಿಲ್ಲ. ಒಣಗಿದ ಮೇಲೆ ಮಗಳು ಕುತೂಹಲಕ್ಕೆ ಕೈಯಾಡಿಸಿ ಸಂಜೆವರೆಗೆ ಕೆರೆದುಕೊಂಡಳು. ಬಿಸಿ ಇಲ್ಲದಾಗಲೂ ಮುಟ್ಟುವ ವಸ್ತುವಲ್ಲ ಇದು. ನಾರಿನ ತುಣುಕು ಕಣ್ಣಿಗೆ ಕಾಣುವುದಿಲ್ಲ, ಚರ್ಮಕ್ಕೆ ಗೊತ್ತಾಗುತ್ತದೆ.

ಗೆಳೆಯ ಮತ್ತೆ ಗನ್ನು ತಂದ. ಅದೇ ದಾರಿ, ಅದೇ ಹೊತ್ತು. ಪಟ್ಟಿಯ ಮೇಲೆ ಒಂದು ಗೇಣು ಕೆಳಗೆ 126, ಕಾಲಿನ ಹತ್ತಿರ 108. ಅರ್ಧಕ್ಕರ್ಧ ಇಳಿದಿದೆ! 108 ಡಿಗ್ರಿಯೂ ಸುಡುವುದೇ, ಆದರೆ ಕಾದ ಹಂಚನ್ನು ಬರಿಗೈಯಲ್ಲಿ ಮುಟ್ಟುವುದಕ್ಕೂ ಅದರ ಮೇಲೆ ಹಾಕಿದ ಬಟ್ಟೆ ಮುಟ್ಟುವುದಕ್ಕೂ ಇರುವ ವ್ಯತ್ಯಾಸ ಇಲ್ಲೂ ಇದೆ. ನಾರು ಬಿಸಿಯನ್ನು ಲೋಹದಷ್ಟು ಬೇಗ ಚರ್ಮಕ್ಕೆ ದಾಟಿಸುವುದಿಲ್ಲ. ಕಾಲು ಎಳೆದುಕೊಳ್ಳಲು ಒಂದು ಗಳಿಗೆ ಸಿಗುತ್ತದೆ. ಮಗಳ ಮಟ್ಟಿಗೆ ಇದು ಗೆಲುವು ಅಂದುಕೊಂಡೆ.

ನನ್ನ ಕಾಲಿನ ಕಥೆ ಬೇರೆಯಾಯಿತು. ಏಪ್ರಿಲ್ ಮಧ್ಯಾಹ್ನ ಗೋಪಿ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ನಿಂತರೆ ಬಲಮಂಡಿಯ ಒಳಬದಿ ಮೊದಲಿನಂತೆಯೇ ಬೇಯುತ್ತಿತ್ತು. ಪಟ್ಟಿ ಸಡಿಲವಾಯಿತೇ ಅಂತ ಎರಡು ಸಲ ಬಗ್ಗಿ ನೋಡಿದೆ. ಸಡಿಲವಾಗಿರಲಿಲ್ಲ. ಆಮೇಲೆ ಎಡಮಂಡಿಗೆ ಕೈ ಇಟ್ಟುಕೊಂಡೆ. ಅದೂ ಅಷ್ಟೇ ಬಿಸಿ. ಎಡಗಡೆ ಪೈಪೇ ಇಲ್ಲವಲ್ಲ!

ಪೆಟ್ರೋಲಿನಿಂದ ಬರುವ ಶಕ್ತಿಯಲ್ಲಿ ಗಾಡಿ ಓಡಿಸಲು ಸಿಗುವುದು ಹೆಚ್ಚೆಂದರೆ ಮೂರನೇ ಒಂದು ಪಾಲು, ಕೆಲವೊಮ್ಮೆ ಕಾಲು ಭಾಗ. ಇನ್ನೊಂದು ದೊಡ್ಡ ಪಾಲು ಹೊಗೆಯ ಜೊತೆ ಪೈಪಿನಲ್ಲಿ ಹೋಗುತ್ತದೆ. ಉಳಿದದ್ದು ಸಿಲಿಂಡರಿನ ಸುತ್ತ ಇರುವ ರೆಕ್ಕೆಗಳಿಂದ ಗಾಳಿಗೆ ಹೋಗಬೇಕು. ಗಾಡಿ ಓಡುವಾಗ ಆ ಗಾಳಿ ಹಿಂದಕ್ಕೆ ಹೋಗುತ್ತದೆ. ಸಿಗ್ನಲ್ಲಿನಲ್ಲಿ ನಿಂತರೆ ಹಿಂದಕ್ಕೆ ಹೋಗಲು ಗಾಳಿ ಎಲ್ಲಿದೆ? ಬಿಸಿ ಮೇಲಕ್ಕೆ ಏಳುತ್ತದೆ, ಮೇಲೆ ನಮ್ಮ ಮಂಡಿ, ತೊಡೆ. ಗನ್ನು ಹಿಡಿದು ನೋಡಿದಾಗ ತಲೆಯ ರೆಕ್ಕೆಗಳು 150ರ ಹತ್ತಿರ ಇದ್ದವು, ಪಟ್ಟಿ ಕಟ್ಟುವ ಮೊದಲೂ ಆಮೇಲೂ. ಮಂಡಿ ಬೇಯಿಸುತ್ತಿದ್ದದ್ದು ಪೈಪಲ್ಲ, ಇಂಜಿನ್ನು. ಇಂಜಿನ್ನಿಗೆ ಕಂಬಳಿ ಹೊದೆಸಲು ಆಗುವುದಿಲ್ಲ. ನೀವು ರ‍್ಯಾಪ್ ತರಿಸುವ ಮೊದಲು ಕೈಯನ್ನು ಒಂದು ಅಡಿ ದೂರ ಹಿಡಿದು ಬಿಸಿ ಎಲ್ಲಿಂದ ಬರುತ್ತಿದೆ ನೋಡಿಕೊಳ್ಳಿ. ರೇಡಿಯೇಟರ್ ಇರುವ ಗಾಡಿಯಾದರೆ ಎಷ್ಟೋ ಸಲ ಕಾಲಿಗೆ ಬಡಿಯುವುದು ಅದರ ಫ್ಯಾನು ದೂಡಿದ ಗಾಳಿ. 2020ರ ಏಪ್ರಿಲ್ ಈಚಿನ ಬಿಎಸ್ 6, ಅಂದರೆ ಹೊಗೆಯ ನಿಯಮ ಬಿಗಿಯಾದ ಮೇಲಿನ ಗಾಡಿಯಾದರೆ ಇನ್ನೂ ಜಾಗ್ರತೆ. ಪೈಪಿನಲ್ಲೇ ಆಕ್ಸಿಜನ್ ಸೆನ್ಸರು, ಕ್ಯಾಟಲಿಟಿಕ್ ಕನ್ವರ್ಟರು ಇರುತ್ತವೆ, ಅವಕ್ಕೆ ಹೊದಿಕೆ ಹಾಕಿ ಹೆಚ್ಚು ಕಾಯಿಸುವುದು ಒಳ್ಳೆಯದಲ್ಲ.

ಇಷ್ಟಾದರೂ ಬಿಚ್ಚಲಿಲ್ಲ. ನೋಡಲು ಚೆನ್ನಾಗಿತ್ತು ಅಂದೆನಲ್ಲ. ಅಡಿಕೆ ಮಂಡಿಗೆ ಬರುವ ಹುಡುಗರು "ಅಣ್ಣ, ಎಲ್ಲಿ ಮಾಡ್ಸಿದ್ದು?" ಅನ್ನುತ್ತಿದ್ದರು. ಮಂಡಗದ್ದೆ ಹತ್ತಿರ ಕಾಗದ ನೋಡಲು ನಿಲ್ಲಿಸಿದ ಪೊಲೀಸಿನವರೊಬ್ಬರು ಪೈಪು ನೋಡಿ "ಏನ್ರೀ, ಫ್ರ್ಯಾಕ್ಚರಾ?" ಅಂದು ಬಿಟ್ಟು ಕಳಿಸಿದರು. ಹಳೇ ಯೆಜ್ಡಿ ಬೈಕು ಇಟ್ಟುಕೊಂಡಿರುವ ಪರಿಚಯದವರೊಬ್ಬರು ತಮಗೂ ಸುತ್ತಿಕೊಡು ಅಂದಾಗ ಮಾತ್ರ ಬೇಡ ಅಂದೆ. ಅದನ್ನು ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ, ಆ ಗಾಡಿಗೆ ಈಗ ಪೈಪು ಹುಡುಕುವುದೇ ತಪಸ್ಸು. ಅಲ್ಲದೆ ಅದರಂಥ ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಪೈಪು, ಸೈಲೆನ್ಸರುಗಳ ಉದ್ದ ಅಗಲ ಎಲ್ಲ ಲೆಕ್ಕದ್ದು. ಒಳಗಿನ ಒತ್ತಡದ ಅಲೆ ಹೋಗಿ ತಿರುಗಿ ಬರುವ ವೇಳೆಗೆ ಹೊಂದಿಸಿರುತ್ತಾರೆ, ಹೊಗೆ ಹೆಚ್ಚು ಬಿಸಿಯಾದರೆ ಆ ಅಲೆಯ ವೇಗ ಬದಲಾಗುತ್ತದೆ. ಎರಡು ಪೈಪಿನ ಅಂಥ ಗಾಡಿಯ ಮೇಲೆ ಪ್ರಯೋಗ ಮಾಡಲು ನನಗೆ ಧೈರ್ಯ ಬರಲಿಲ್ಲ.

ಜೂನ್ ಬಂತು. ಆಗುಂಬೆಯ ಕಡೆಯ ಮಳೆ ಅಂದರೆ ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಮಳೆ, ಅದರ ಬಹುಪಾಲು ಸುರಿಯುವುದು ನಾಲ್ಕೇ ತಿಂಗಳಲ್ಲಿ. ಅಮ್ಮನ ಹೆಂಚಿನ ಪಾಠ ಮೇಲಿನಿಂದ ಬೀಳುವ ನೀರಿಗೆ ಸರಿ. ಬೈಕಿನ ಬೆಂಡ್ ಪೈಪಿಗೆ ನೀರು ಮೇಲಿನಿಂದ ಮಾತ್ರ ಬೀಳುವುದಿಲ್ಲ. ಮುಂದಿನ ಗಾಲಿ ಕೆಳಗಿನಿಂದ ರಾಚುತ್ತದೆ, ಕೆಂಪು ಮಣ್ಣಿನ ಸಮೇತ. ಮೊದಲ ವಾರವೇ ಪಟ್ಟಿಯ ಬಣ್ಣ ಹೋಗಿ ಕೆಮ್ಮಣ್ಣು ಮೆತ್ತಿದ ಗೋಡೆಯಾಯಿತು. ನಿಲ್ಲಿಸಿದರೆ ಆವಿ. ತೀರ್ಥಹಳ್ಳಿಯಲ್ಲಿ ಕಾಫಿಗೆ ನಿಲ್ಲಿಸಿದಾಗ ಯಾರೋ ಓಡಿಬಂದು "ಬೆಂಕಿ, ಬೆಂಕಿ" ಅಂದದ್ದೂ ಆಯಿತು. ವಾಸನೆ, ನೆಂದ ನಾಯಿ ಒಲೆ ಪಕ್ಕ ಮಲಗಿದರೆ ಹೇಗೋ ಹಾಗೆ.

ಕಂಬಳಿ ನೆಂದರೆ ಏನಾಗುತ್ತದೆ ಅಂತ ಮಲೆನಾಡಿನವನಿಗೆ ಹೇಳಿಕೊಡಬೇಕೇ? ಸಂದಿಯ ಗಾಳಿ ಇದ್ದ ಜಾಗಕ್ಕೆ ನೀರು ಬರುತ್ತದೆ. ನಿಂತ ಗಾಳಿಗಿಂತ ನೀರು ಇಪ್ಪತ್ತಕ್ಕೂ ಹೆಚ್ಚು ಪಟ್ಟು ಬೇಗ ಬಿಸಿಯನ್ನು ದಾಟಿಸುತ್ತದೆ. ಅದು ಪೂರ್ತಿ ಆವಿಯಾಗಿ ಹೋಗುವವರೆಗೆ ಪಟ್ಟಿ ಇದ್ದೂ ಇಲ್ಲದ ಹಾಗೆ. ದೂರದ ಓಟದಲ್ಲಿ ಒಣಗುತ್ತಿತ್ತೇನೋ. ಆದರೆ ಶಿವಮೊಗ್ಗದಲ್ಲಿ ಮನೆಯಿಂದ ಮಂಡಿಗೆ ನನ್ನದು ಎರಡೇ ಕಿಲೋಮೀಟರ್. ಬೆಚ್ಚಗಾಗುತ್ತದೆ, ಒಣಗುವುದಿಲ್ಲ, ಹಾಗೇ ಶೆಡ್ಡಿಗೆ. ಬೆಚ್ಚನೆಯ ಒದ್ದೆ, ಪಕ್ಕದಲ್ಲಿ ಕಬ್ಬಿಣ. ನೀರು ಹೀರದಂತೆ ಮೇಲೆ ಹೊಡೆಯುವ ಸಿಲಿಕೋನ್ ಸ್ಪ್ರೇ ಸಿಗುತ್ತದೆ, ನಾನು ಹೊಡೆದಿರಲಿಲ್ಲ. ಸುತ್ತಿದರೆ ಪೈಪಿನ ವಾರಂಟಿ ಇಲ್ಲ ಅಂತ ಹೊರದೇಶದ ಎಷ್ಟೋ ಪೈಪ್ ತಯಾರಕರು ಮೊದಲೇ ಬರೆದುಬಿಡುತ್ತಾರೆ. ಅದನ್ನೂ ಓದಿದ್ದೆ, ನನ್ನ ಪೈಪಿಗೆ ವಾರಂಟಿಯೇ ಇಲ್ಲವಲ್ಲ ಅಂತ ನಕ್ಕು ಮುಂದೆ ಹೋಗಿದ್ದೆ.

ಆಗಸ್ಟಿನಲ್ಲಿ ಹೊಸ ರೋಗ ಶುರುವಾಯಿತು. ಆಕ್ಸಿಲರೇಟರ್ ಬಿಟ್ಟ ತಕ್ಷಣ ಸೈಲೆನ್ಸರಿನಲ್ಲಿ ಪಟ್, ಪಟ್. ಮೊದಮೊದಲು ಇಳಿಜಾರಿನಲ್ಲಿ ಮಾತ್ರ, ಆಮೇಲೆ ಪ್ರತಿ ಗೇರು ಇಳಿಸುವಾಗಲೂ. ಕಾರ್ಬುರೇಟರ್ ಅಂದುಕೊಂಡೆ. ಬಿಚ್ಚಿಸಿ ತೊಳೆಸಿದೆ, ಜೆಟ್ಟು ಊದಿಸಿದೆ, ಏರ್ ಸ್ಕ್ರೂ ಅತ್ತ ಕಾಲು ಸುತ್ತು, ಇತ್ತ ಕಾಲು ಸುತ್ತು. ಪ್ಲಗ್ಗು ಹೊಸದು. ಎರಡು ಸಲ ಗ್ಯಾರೇಜಿಗೆ ಹೋಗಿ ಬಂದರೂ ಪಟಪಟ ನಿಲ್ಲಲಿಲ್ಲ. ಗ್ಯಾರೇಜಿನ ಅಣ್ಣ ಪಟ್ಟಿ ಕಡೆ ಒಮ್ಮೆ ನೋಡಿದ್ದರು, ಏನೂ ಹೇಳಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರೋ ಏನೋ.

ಆಯುಧಪೂಜೆಗೆ ಗಾಡಿ ತೊಳೆಯಬೇಕಲ್ಲ, ಕೊಳಕು ಪಟ್ಟಿ ಇಟ್ಟುಕೊಂಡು ಹಾರ ಹಾಕುವುದು ಹೇಗೆ? ಟೈ ಕತ್ತರಿಸಿ ಬಿಚ್ಚಲು ಕೂತೆ. ಮೇಲಿನ ನಾಲ್ಕು ಸುತ್ತು ಬಟ್ಟೆಯಂತೆ ಬಂತು. ಬಾಗಿನ ಹತ್ತಿರ ಬಂದಾಗ ಪಟ್ಟಿಯ ಜೊತೆಗೆ ಪೈಪೂ ಬರತೊಡಗಿತು. ಅಂದರೆ ಪೈಪಿನ ಮೈ: ಕಂದು ಬಣ್ಣದ ಹಕ್ಕಳೆ, ಒಣಗಿದ ಹುಣ್ಣಿನ ಪಟ್ಟಿ ಕಿತ್ತರೆ ಚರ್ಮ ಬರುವ ಹಾಗೆ. ಕ್ರೋಮಿನ ಗುರುತೇ ಇಲ್ಲ. ಕೆಳಬಾಗಿನ ಒಳಮಗ್ಗುಲಲ್ಲಿ, ನೀರು ಇಳಿದು ನಿಲ್ಲುವ ಜಾಗದಲ್ಲಿ, ಸಾಸಿವೆಯಷ್ಟು ಮೂರು ತೂತು. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದರೆ ನಾಲ್ಕನೆಯದೂ ಆಯಿತು.

ಪಟಪಟ ಎಲ್ಲಿಂದ ಅಂತ ಆಗ ಗೊತ್ತಾಯಿತು. ಆಕ್ಸಿಲರೇಟರ್ ಬಿಟ್ಟಾಗ ಪೈಪಿನೊಳಗೆ ಎಳೆತ ಬರುತ್ತದೆ, ತೂತಿನಿಂದ ಹೊರಗಿನ ಗಾಳಿ ಒಳಗೆ ಹೋಗುತ್ತದೆ, ಉರಿಯದೆ ಬಂದ ಪೆಟ್ರೋಲಿನ ಆವಿ ಆ ಗಾಳಿ ಸೇರಿ ಸೈಲೆನ್ಸರಿನಲ್ಲಿ ಹೊತ್ತಿಕೊಳ್ಳುತ್ತದೆ. ಎರಡು ತಿಂಗಳು ಕಾರ್ಬುರೇಟರನ್ನು ಬೈದದ್ದಕ್ಕೆ ಅದರ ಕಾಲಿಗೆ ಬೀಳಬೇಕು.

ಫೌಂಡ್ರಿ ಗೆಳೆಯ ಹಕ್ಕಳೆಯನ್ನು ಉಗುರಿನಲ್ಲಿ ಮುರಿದು ನೋಡಿ ಹೇಳಿದ್ದಿಷ್ಟು. ಪಟ್ಟಿ ಕಟ್ಟಿದ ಮೇಲೆ ಹೊರಮೈ ತಣ್ಣಗಾಯಿತು ಅಂತ ನಾವು ಖುಷಿಪಟ್ಟೆವು. ಹೊರಗೆ ಬಿಡದ ಬಿಸಿಯನ್ನು ಹೊತ್ತುಕೊಂಡದ್ದು ಪೈಪು. ಮೊದಲು 258 ಇದ್ದ ಕಬ್ಬಿಣ ಪಟ್ಟಿಯ ಕೆಳಗೆ ಅದಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತದೆ, ಕಾದಷ್ಟೂ ಬೇಗ ಮೇಲೆ ತುಕ್ಕಿನ ಪದರ ಕಟ್ಟುತ್ತದೆ. ಅದರ ಮೇಲೆ ದಿನಾ ಒದ್ದೆ ಮಣ್ಣು. ಒಳ್ಳೆಯ ದರ್ಜೆಯ ಸ್ಟೇನ್‌ಲೆಸ್ ಪೈಪಾಗಿದ್ದರೆ, ಬಯಲುಸೀಮೆಯ ಒಣ ಹವೆಯಾಗಿದ್ದರೆ ಇನ್ನೂ ಹಲವು ವರ್ಷ ಬರುತ್ತಿತ್ತು ಅಂದ. ನನ್ನ ಅದೃಷ್ಟ, ಇಂಜಿನ್ ಆಯಿಲ್ ಸೋರುತ್ತಿರಲಿಲ್ಲ. ಪಟ್ಟಿ ಎಣ್ಣೆಯನ್ನೂ ನೀರಿನಂತೆಯೇ ಹೀರುತ್ತದೆ. ಎಣ್ಣೆ ಕುಡಿದ ಬತ್ತಿಯನ್ನು ಕಾದ ಪೈಪಿಗೆ ಸುತ್ತಿಟ್ಟರೆ "ಬೆಂಕಿ" ಅಂತ ಓಡಿಬಂದವರ ಮಾತು ನಿಜವಾಗುತ್ತಿತ್ತು.

ವೆಲ್ಡಿಂಗ್ ಅಂಗಡಿಯವರು ಪೈಪನ್ನು ತಟ್ಟಿ ನೋಡಿ ವಾಪಸ್ ಕೊಟ್ಟರು. "ವೆಲ್ಡ್ ಹಿಡಿಯೋಕೆ ತಗಡೇ ಇಲ್ಲ ಇದ್ರಲ್ಲಿ." ಗುಜರಿಯಿಂದ ಹಾಕಲು ಮನಸ್ಸು ಬರದೆ ಕಂಪನಿಯ ಹೊಸ ಬೆಂಡ್ ಪೈಪನ್ನೇ ತಂದೆ. ಆ ವರ್ಷ ಬುಲೆಟ್ಟಿಗೆ ಪೂಜೆಯಾದದ್ದು ಪೈಪಿಲ್ಲದೆ. ಬೂದುಗುಂಬಳ ಒಡೆದೆ, ಗಾಡಿಯನ್ನು ನಿಂಬೆಹಣ್ಣಿನ ಮೇಲೆ ತಳ್ಳಿಕೊಂಡು ಹೋದೆ, ಮಗಳು ಹಿಂದಿನಿಂದ ದೂಡಿದಳು.

ಗಾರ್ಡು ಮಾಡಿಸಿದ್ದು ಅದೇ ವೆಲ್ಡಿಂಗ್ ಅಂಗಡಿಯಲ್ಲಿ. ಪೈಪಿನ ಬಾಗಿಗೆ ತಕ್ಕಂತೆ ಬಗ್ಗಿಸಿದ ಸ್ಟೀಲ್ ತಗಡು, ಅದರಲ್ಲಿ ಸಾಲಾಗಿ ಉದ್ದ ಸೀಳು, ಪೈಪಿಗೆ ತಾಗದಂತೆ ಕಿರುಬೆರಳಿನಷ್ಟು ಸಂದಿ ಬಿಟ್ಟು ಎರಡು ಕ್ಲಾಂಪು. ಕಂಬಳಿಯ ತತ್ವವಲ್ಲ ಇದು, ಕೊಡೆಯದು. ಪೈಪಿನ ಕಿರಣ ತಗಡಿಗೆ ಬೀಳುತ್ತದೆ, ಸಂದಿಯಲ್ಲಿ ಗಾಳಿ ಓಡಾಡಿ ಎರಡನ್ನೂ ತಣಿಸುತ್ತದೆ, ನೀರು ಬಿದ್ದರೆ ಐದು ನಿಮಿಷದಲ್ಲಿ ಒಣಗುತ್ತದೆ. ಗನ್ನು ಮೂರನೇ ಸಲ ಬಂತು. ತಗಡಿಗೂ ಕಪ್ಪು ಬೊಟ್ಟು ಇಟ್ಟು ಹಿಡಿದರೆ 71. ಪಟ್ಟಿಗಿಂತ ಕಡಿಮೆ! ಮುಟ್ಟಿಕೊಂಡು ಕೂರುವಂತಿಲ್ಲ, ತಾಗಿದರೆ ಚುರುಕ್ ಅಂದು ಎಳೆದುಕೊಳ್ಳಬಹುದು. ಗ್ಯಾರೇಜಿನ ಅಣ್ಣ ನೋಡಿ, "ಚೆನ್ನಾಗಿ ಹೊಡೆದಿದ್ದಾರೆ," ಅಂದರು. ಅಷ್ಟೇ ಅಂದರು. ದೊಡ್ಡ ಮನಸ್ಸು.

ನೋಡಲು? ಹಾಲಿನ ಕ್ಯಾನಿಗೆ ಹಿಡಿ ಹಾಕಿದಂತಿದೆ. ಮಂಡಿಯ ಹುಡುಗರು ಈಗ ಏನೂ ಕೇಳುವುದಿಲ್ಲ. ಮಂಡಿ ಚಿಪ್ಪು ಸಿಗ್ನಲ್ಲಿನಲ್ಲಿ ಈಗಲೂ ಬೇಯುತ್ತದೆ. ಅರ್ಧ ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಾದರೆ ಇಂಜಿನ್ ಆಫ್ ಮಾಡುತ್ತೇನೆ. ಮಗಳನ್ನು ಟ್ಯಾಂಕಿನ ಮೇಲೆ ಕೂರಿಸುವುದನ್ನು ನಿಲ್ಲಿಸಿದ್ದೇನೆ, ಅದಕ್ಕವಳು ಇನ್ನೂ ಮುನಿಸಿಕೊಂಡಿದ್ದಾಳೆ.

ಮಿಕ್ಕ ಏಳೂವರೆ ಮೀಟರ್ ಪಟ್ಟಿ ಶೆಡ್ಡಿನ ಗೂಟದಲ್ಲಿ ನೇತಾಡುತ್ತಿತ್ತು. ದೀಪಾವಳಿಗೆ ನೀರು ತುಂಬುವ ಹೊತ್ತಿಗೆ ಅಮ್ಮನಿಗೆ ಅದರ ನೆನಪಾಯಿತು. ನಮ್ಮ ಬಚ್ಚಲಲ್ಲಿ ಸೌದೆ ಹಾಕಿ ಕಾಯಿಸುವ ಬಾಯ್ಲರ್ ಇದೆ, ಅದರ ಹೊಗೆಕೊಳವೆ ಒಲೆಗೆ ಸೌದೆ ದೂಡುವಾಗ ಸರಿಯಾಗಿ ಮೊಣಕೈಗೆ ಸಿಗುತ್ತದೆ. ಅಮ್ಮನ ಕೈಯಲ್ಲಿ ಅಂಥ ಕಲೆ ಎಷ್ಟಿವೆಯೋ, ಯಾರೂ ಎಣಿಸಿಲ್ಲ. ಒಳಗಿನ ಜಾಗ, ಗಾಲಿ ರಾಚುವುದಿಲ್ಲ, ಕೆಮ್ಮಣ್ಣಿಲ್ಲ. ಪಟ್ಟಿಯನ್ನು ಬಕೆಟ್ಟಿಗೆ ಹಾಕಿ ನೆನೆಸಿದೆ. ಸ್ಟೂಲು ಹಾಕಿಕೊಂಡು ಸುತ್ತಲು ಕೈ ಎತ್ತಿದಾಗ ಹಿಂದೆ ಯಾರೋ ನಿಂತ ಹಾಗಾಯಿತು. ಅಮ್ಮ, ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡುತ್ತಿದ್ದರು.

"ಕೆಳಗಿಂದಲೇ," ಅಂದೆ, ಅವರು ಕೇಳುವ ಮೊದಲೇ.